ಅಮೆರಿಕದ ಕಾಲೇಜುಗಳಲ್ಲಿ ವೈವಿಧ್ಯ ಅಧಿಕಾರಿ: ಹುದ್ದೆ ಬಂದ ಬಗೆ, ಹೋದ ಬಗೆ

ಅಮೆರಿಕದ ಹಲವು ಕಾಲೇಜು, ವಿಶ್ವವಿದ್ಯಾಲಯಗಳು ಕಳೆದ ಎರಡು ದಶಕಗಳಲ್ಲಿ ‘ಮುಖ್ಯ ವೈವಿಧ್ಯ ಅಧಿಕಾರಿ’ ಎಂಬ ಹಿರಿಯ ಹುದ್ದೆಯನ್ನು ಸೃಷ್ಟಿಸಿದವು. ಈ ಅಧಿಕಾರಿಗಳ ರಾಷ್ಟ್ರೀಯ ಸಂಘವು 2006ರಲ್ಲಿ ಸ್ಥಾಪನೆಗೊಂಡಿತು. ಕಪ್ಪು ವರ್ಣೀಯರು, ಅಂಗವಿಕಲರು, ಮನೆತನದಲ್ಲೇ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲೇರಿದವರು ವ್ಯಾಸಂಗವನ್ನು ಅರ್ಧಕ್ಕೆ ಬಿಡದಂತೆ ನೋಡಿಕೊಳ್ಳುವುದು, ಬೋಧಕರ ನೇಮಕದ ಪದ್ಧತಿಯನ್ನು ಪರಿಶೀಲಿಸುವುದು ಇವರ ಮುಖ್ಯ ಹೊಣೆ.

ನಮ್ಮ ವಿಶ್ವವಿದ್ಯಾಲಯಗಳ ಪರಿಶಿಷ್ಟ ಜಾತಿ, ಪಂಗಡ ಘಟಕಗಳೊಂದಿಗೆ ಇದನ್ನು ಹೋಲಿಸುವವರುಂಟು. ಹೋಲಿಕೆ ಪೂರ್ತಿ ಸರಿಯಲ್ಲ. ಪ್ರವೇಶದಲ್ಲಿ ಜನಾಂಗದ ಆಧಾರದ ಮೇಲೆ ಸೀಟುಗಳನ್ನು ಕಾಯ್ದಿರಿಸುವಂತಿಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟ್ 1978ರಲ್ಲೇ ತೀರ್ಪಿತ್ತಿದೆ. ಹೀಗಾಗಿ ಈ ಅಧಿಕಾರಿಯ ಕೈಯಲ್ಲಿ ರೋಸ್ಟರ್ ಇಲ್ಲ. ಇರುವುದು ಮನವೊಲಿಕೆ ಮತ್ತು ಅನುದಾನ ಮಾತ್ರ.

ನೇಮಕಕ್ಕೆ ಸಾಮಾನ್ಯವಾಗಿ ಬೋಧಕರು, ಸಿಬ್ಬಂದಿ, ವಿದ್ಯಾರ್ಥಿಗಳುಳ್ಳ ಶೋಧನಾ ಸಮಿತಿ ರಚನೆಯಾಗುತ್ತದೆ. ಅಂತಿಮ ಸುತ್ತಿನ ಅಭ್ಯರ್ಥಿಗಳು ಆವರಣಕ್ಕೆ ಬಂದು ವಿವಿಧ ವರ್ಗದವರನ್ನು ಭೇಟಿಯಾಗುವುದೂ ಉಂಟು. ಕೊನೆಯ ಮಾತು ಅಧ್ಯಕ್ಷರದು. ಹುದ್ದೆಯ ಬಲವೂ ದೌರ್ಬಲ್ಯವೂ ಇರುವುದು ಇಲ್ಲಿಯೇ.

ಮಿಷಿಗನ್ ವಿಶ್ವವಿದ್ಯಾಲಯದ ನಿದರ್ಶನ ಗಮನಾರ್ಹ. ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದನ್ನು ಆ ರಾಜ್ಯದ ಮತದಾರರು 2006ರಲ್ಲಿ ನಿಷೇಧಿಸಿದರು. ಸ್ನಾತಕ ವಿದ್ಯಾರ್ಥಿಗಳಲ್ಲಿ ಕಪ್ಪು ವರ್ಣೀಯರ ಪ್ರಮಾಣ ಆ ವರ್ಷ ಶೇ. 7ರಷ್ಟಿತ್ತು. ಕುಸಿತವನ್ನು ತಡೆಯಲು ವಿಶ್ವವಿದ್ಯಾಲಯವು 2016ರಲ್ಲಿ ಐದು ವರ್ಷಗಳ ಯೋಜನೆಯನ್ನು ಪ್ರಕಟಿಸಿ, ಮನಃಶಾಸ್ತ್ರದ ಪ್ರಾಧ್ಯಾಪಕ ರಾಬರ್ಟ್ ಸೆಲ್ಲರ್ಸ್ ಅವರನ್ನು ತನ್ನ ಮೊದಲ ಮುಖ್ಯ ವೈವಿಧ್ಯ ಅಧಿಕಾರಿಯನ್ನಾಗಿ ನೇಮಿಸಿತು. 2022ರಲ್ಲಿ ಟ್ಯಾಬಿ ಷಾವಸ್ ಆ ಸ್ಥಾನಕ್ಕೆ ಬಂದರು. ಆದರೆ 2021ರ ವೇಳೆಗೆ ಪ್ರಮಾಣವು ಶೇ. 4ರ ಆಸುಪಾಸಿಗೆ ಇಳಿದಿತ್ತು. ಇದನ್ನು ಅಧಿಕಾರಿಗಳ ವೈಫಲ್ಯವೆನ್ನುವುದು ಸುಲಭ. ಪ್ರವೇಶದ ಕೀಲಿಕೈಯೇ ಇಲ್ಲದ ಕಚೇರಿಯಿಂದ ಪ್ರವೇಶದ ಫಲ ನಿರೀಕ್ಷಿಸಲಾಗಿತ್ತು ಎಂಬುದನ್ನೂ ಮರೆಯುವಂತಿಲ್ಲ.

ಪ್ರವೇಶದಲ್ಲಿ ಜನಾಂಗದ ಪರಿಗಣನೆಯನ್ನು 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ತಳ್ಳಿಹಾಕಿತು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಇಂಥ ಕಚೇರಿಗಳನ್ನೇ ನಿಷೇಧಿಸುವ ಟೆಕ್ಸಾಸ್ ಕಾಯ್ದೆ 2024ರ ಜನವರಿ 1ರಂದು ಜಾರಿಗೆ ಬಂತು. ಮಿಷಿಗನ್‌ನಲ್ಲಿ ಅಂಥ ಕಾಯ್ದೆ ಇರಲಿಲ್ಲ. ಆದರೂ ಕೇಂದ್ರ ಸರ್ಕಾರದ ಒತ್ತಡದ ನಡುವೆ, 2025ರ ಮಾರ್ಚ್‌ನಲ್ಲಿ ವಿಶ್ವವಿದ್ಯಾಲಯದ ಆಡಳಿತವೇ ಕಚೇರಿಯನ್ನು ಮುಚ್ಚುವುದಾಗಿ ಪ್ರಕಟಿಸಿತು. ಹಾರ್ವರ್ಡ್ ತನ್ನ ಕಚೇರಿಯ ಹೆಸರನ್ನು ಅದರ ಮರುತಿಂಗಳು ಬದಲಿಸಿತು.

ಭಾರತೀಯರಿಗೆ ಸಂಬಂಧಿಸಿದ ಒಂದು ಸಂಗತಿಯೂ ಇದೆ. ಬ್ರಾಂಡೈಸ್ ವಿಶ್ವವಿದ್ಯಾಲಯವು 2019ರಲ್ಲಿ, 23 ಆವರಣಗಳಿದ್ದ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ 2022ರಲ್ಲಿ ತಾರತಮ್ಯ ವಿರೋಧಿ ನಿಯಮಗಳಲ್ಲಿ ‘ಜಾತಿ’ಯನ್ನು ಸೇರಿಸಿದವು. ಈ ರಕ್ಷಣೆ ಯಾವುದೇ ಅಧಿಕಾರಿಯ ಹುದ್ದೆಗೆ ಅಂಟಿಕೊಂಡದ್ದಲ್ಲ, ನಿಯಮಾವಳಿಯಲ್ಲೇ ದಾಖಲಾದದ್ದು.