ಮೂವತ್ತೆಂಟನೇ ನಿಮಿಷದ ದರ

ನಮ್ಮಪ್ಪ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ಜ್ವರ ಬಂದರೆ ಇಎಸ್‌ಐ ಆಸ್ಪತ್ರೆಯ ಸಾಲಿನಲ್ಲಿ ನಿಂತು ಮಾತ್ರೆ ತರುತ್ತಿದ್ದರು. ಬಿಲ್ಲು ಅನ್ನೋದೇ ಇರಲಿಲ್ಲ. 1948ರ ಕಾಯ್ದೆ ಪ್ರಕಾರ ಸಂಬಳದಲ್ಲೇ ವಂತಿಗೆ ಹಿಡಿದಿರುತ್ತಿದ್ದರು. ಅಂಥ ಮನೆಯ ಮಗಳು ನಾನು ಹೊಟ್ಟೆಪಾಡಿಗೆ ಹಿಡಿದದ್ದು ಬಿಲ್ಲಿನ ಕೆಲಸವನ್ನೇ. ಅದೂ ವಿಜಯನಗರದಲ್ಲಿ ಕೂತು, ಅಮೆರಿಕದ ರೋಗಿಗಳ ಬಿಲ್ಲು.

1990ರ ದಶಕದ ಕೊನೆಗೆ ನಮ್ಮ ಕಡೆ ಕಂಪ್ಯೂಟರ್ ಕ್ಲಾಸುಗಳ ಪಕ್ಕದಲ್ಲೇ ‘ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್’ ಬೋರ್ಡುಗಳು ಎದ್ದವು. ಬಿಎಸ್ಸಿ ಮುಗಿಸಿದ ಹುಡುಗಿಯರು ಕಿವಿಗೆ ಹೆಡ್‌ಫೋನ್ ಏರಿಸಿ, ಕಾಲಲ್ಲಿ ಪೆಡಲ್ ಒತ್ತುತ್ತಾ ಅಲ್ಲಿನ ಡಾಕ್ಟರುಗಳ ಗೊಣಗಾಟವನ್ನು ಟೈಪು ಮಾಡಿದರು. ಮಾತನ್ನು ತಾನೇ ಬರಹಕ್ಕಿಳಿಸುವ ಸಾಫ್ಟ್‌ವೇರ್ ಬಂದ ಮೇಲೆ ಆ ಕೆಲಸ ಸೊರಗಿತು, ನಮ್ಮಲ್ಲಿ ಹಲವರು ಬಿಲ್ಲಿಂಗ್‌ಗೆ ದಾಟಿಕೊಂಡೆವು. ಅಮೆರಿಕದ 1996ರ ಹಿಪಾ ಕಾಯ್ದೆ ವಿಮೆ ಕ್ಲೇಮುಗಳು ಕಂಪ್ಯೂಟರಿನಲ್ಲಿ ಹೋಗಲು ಒಂದೇ ನಮೂನೆ ಹಾಕಿಕೊಟ್ಟಿತ್ತು. ಕಳಿಸುವವರು ಬೋಸ್ಟನ್ನಿನಲ್ಲಿದ್ದರೇನು, ಬಸವೇಶ್ವರನಗರದಲ್ಲಿದ್ದರೇನು? ಅಲ್ಲಿನ ಹಗಲು ನಮಗೆ ರಾತ್ರಿ; ಹೆಂಗಸರ ರಾತ್ರಿ ದುಡಿಮೆಗೆ ಅಡ್ಡ ನಿಂತಿದ್ದ ರಾಜ್ಯದ 1961ರ ಅಂಗಡಿ ಕಾಯ್ದೆಯನ್ನೂ ಐಟಿ ಕಂಪನಿಗಳಿಗಾಗಿ ಸಡಿಲಿಸಿದರು. ಮನೆ ಮುಂದೆ ರಾತ್ರಿ ಕ್ಯಾಬ್ ನಿಂತರೆ ಬೀದಿಯವರು ಕಿಟಕಿ ತೆರೆದು ನೋಡುವುದು ಮಾತ್ರ ಇನ್ನೂ ಕೆಲವು ವರ್ಷ ನಡೆಯಿತು.

ನನ್ನ ಪಾಲಿಗೆ ಬಂದದ್ದು ಥೆರಪಿಸ್ಟ್‌ಗಳ ಕ್ಲೇಮುಗಳು. ಅಮೆರಿಕದ ವೈದ್ಯ ಸಂಘ 1966ರಿಂದ ಪ್ರಕಟಿಸುತ್ತಿರುವ ಪುಸ್ತಕದಲ್ಲಿ ಪ್ರತಿ ಚಿಕಿತ್ಸೆಗೂ ಐದಂಕಿಯ ಕೋಡ್ ಇದೆ. ಮೂಳೆ ಕೂಡಿಸಿದ್ದಕ್ಕೆ ಒಂದು ಅಂದರೆ ಅರ್ಥವಾಗುತ್ತೆ. ಮಾತಾಡಿದ್ದಕ್ಕೆ? ಗಡಿಯಾರ ನೋಡಬೇಕು. 2013ರಲ್ಲಿ ಬಂದ ಕೋಡುಗಳ ಪ್ರಕಾರ 16ರಿಂದ 37 ನಿಮಿಷಕ್ಕೆ 90832, 38ರಿಂದ 52ಕ್ಕೆ 90834, 53 ಮುಟ್ಟಿದರೆ 90837. ಅಳುತ್ತಿರುವವರ ಎದುರು 37ನೇ ನಿಮಿಷಕ್ಕೆ ಎದ್ದರೆ ಒಂದು ದರ, ಇನ್ನೊಂದು ನಿಮಿಷ ಕೂತರೆ ಹೆಚ್ಚಿನ ದರ. ನೋಟ್ಸಿನಲ್ಲಿ ಸಮಯ ಬರೆಯಲು ಮರೆತವರ ಕ್ಲೇಮು ಡಿನೈಯಲ್ ಆಗಿ ನಮ್ಮ ಟೇಬಲ್ಲಿಗೇ ವಾಪಸು ಬರುತ್ತಿತ್ತು.

ವಿಡಿಯೋ ಥೆರಪಿ ಬಂದಾಗ ನಿಮಿಷದ ಜೊತೆ ಜಾಗದ ತಕರಾರೂ ಸೇರಿತು. ವಯಸ್ಸಾದವರ ಸರ್ಕಾರಿ ವಿಮೆ ಮೆಡಿಕೇರ್‌ನಲ್ಲಿ, ರೋಗಿ ಹಳ್ಳಿಗಾಡಿನ ಆಸ್ಪತ್ರೆಗೋ ಕ್ಲಿನಿಕ್ಕಿಗೋ ಹೋಗಿ ಕ್ಯಾಮೆರಾ ಎದುರು ಕೂತರೆ ಸರಿ. ಸ್ವಂತ ಮನೆಯ ಸೋಫಾದಲ್ಲಿ ಕೂತರೆ, ಬೆರಳೆಣಿಕೆಯ ವಿನಾಯಿತಿ ಬಿಟ್ಟರೆ, ದುಡ್ಡಿರಲಿಲ್ಲ. 2017ರಲ್ಲಿ ಟೆಲಿಹೆಲ್ತಿಗೆಂದೇ 02 ಎಂಬ ಜಾಗದ ಕೋಡ್ ಬಂತು. 2020ರ ಮಾರ್ಚಿನಲ್ಲಿ ಕೋವಿಡ್ ಬಂದು ಮನೆಯ ಅಡ್ಡಿ ಹೋಯಿತು, ಗೊಂದಲ ಶುರುವಾಯಿತು. ರೋಗಿ ಆಫೀಸಿಗೇ ಬಂದಿದ್ದರೆ ಹಾಕುತ್ತಿದ್ದ 11 ಹಾಕಿ, ಜೊತೆಗೆ ವಿಡಿಯೋ ಭೇಟಿ ಎಂದು ಸೂಚಿಸುವ 95ರ ಮಾಡಿಫೈಯರ್ ಕೊಡಿ ಎಂದಿತು ಮೆಡಿಕೇರ್. ಖಾಸಗಿ ವಿಮೆಯವರಲ್ಲಿ ಕೆಲವರು 02 ಬೇಕೆಂದರು, ಕೆಲವರು ಹಳೆಯ ‘ಜಿಟಿ’ ಮಾಡಿಫೈಯರನ್ನೇ ಕೇಳಿದರು. ಅದೇ ಕರೆ, ಕಂಪನಿಗೊಂದು ವೇಷ. ಕೆಂಗೇರಿಯ ಮನೆಯಲ್ಲಿ, ಕರೆಂಟು ಹೋದಾಗಲೆಲ್ಲ ಕೀಚಲಿಡುವ ಯುಪಿಎಸ್ ಪಕ್ಕ, ಯಾವ ಕಂಪನಿಗೆ ಯಾವುದು ಅಂತ ಪಟ್ಟಿ ಬರೆದು ಗೋಡೆಗೆ ಅಂಟಿಸಿಕೊಂಡಿದ್ದೆ. ರೋಗಿಯ ಸ್ವಂತ ಮನೆಗೆಂದು ಬೇರೆ ಕೋಡ್, 10, ಬಂದದ್ದು 2022ರಲ್ಲಿ.

ಅದೇ 2020ರ ಮಾರ್ಚ್ 25ರಂದು ನಮ್ಮ ದೇಶವೂ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತು. 2022ರ ಅಕ್ಟೋಬರ್ 10ರಂದು ಫೋನಿನಲ್ಲಿ ಉಚಿತ ಮಾನಸಿಕ ನೆರವು ಕೊಡುವ ಸರ್ಕಾರಿ ಸೇವೆ ಟೆಲಿ ಮಾನಸ್ ಶುರುವಾಯಿತು, ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಅಲ್ಲಿ ಬಿಲ್ಲೂ ಇಲ್ಲ, ಕೋಡೂ ಇಲ್ಲ. ಖಾಸಗಿ ಥೆರಪಿಸ್ಟರದ್ದು ಬೇರೆ ಕಥೆ: ಯುಪಿಐ ಮಾಡಿ, ಸ್ಕ್ರೀನ್‌ಶಾಟ್ ಕಳಿಸಿ, ಮುಗಿಯಿತು. ಮನಸ್ಸಿನ ಕಾಯಿಲೆಗೂ ದೇಹದ ಕಾಯಿಲೆಯಷ್ಟೇ ವಿಮೆ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ಆದರೆ ನಮ್ಮ ಸಾಮಾನ್ಯ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದರೆ ದುಡ್ಡು ಕೊಡುವಂಥವು, ಮಾತಿನ ಚಿಕಿತ್ಸೆಗೆ ಹಾಸಿಗೆ ಬೇಕಾಗುವುದು ಅಪರೂಪ. ಅಮೆರಿಕದ ನಿಮಿಷದ ಲೆಕ್ಕ ನನಗೆ ಸಾಕುಸಾಕಾಗಿದೆ ನಿಜ. ಆದರೂ ಬಿಲ್ಲಿಲ್ಲದ ಚಿಕಿತ್ಸೆಯನ್ನು ಯಾವ ವಿಮೆಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಾಗಾಗಿ ಪಾಲಿಸಿ ನವೀಕರಿಸುವಾಗ ಹೊರರೋಗಿ ಖರ್ಚಿನಲ್ಲಿ ಕೌನ್ಸೆಲಿಂಗ್ ಸೇರಿದೆಯೇ ಎಂದು ಬಾಯಿಬಿಟ್ಟು ಕೇಳಿ. ಥೆರಪಿಸ್ಟರಿಂದ ದಿನಾಂಕ, ಅವಧಿ, ಮೊತ್ತ ಇರುವ ರಸೀದಿ ಪಡೆಯಿರಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದರೆ ಅವರ ಭಾರತೀಯ ಪುನರ್ವಸತಿ ಮಂಡಳಿಯ (ಆರ್‌ಸಿಐ) ನೋಂದಣಿ ಸಂಖ್ಯೆಯೂ ಅದರಲ್ಲಿರಲಿ. ದುಡ್ಡಿಲ್ಲದ ಹೊತ್ತಿಗೆ ಟೆಲಿ ಮಾನಸ್ ನಂಬರ್ 14416, ಕನ್ನಡದಲ್ಲೇ ಮಾತಾಡಬಹುದು.