ಕಟ್ಟಳೆಗಳ ಹುಟ್ಟು

ಕುಮಟೆ, ಹೊನ್ನಾವರ, ಭಟ್ಕಳ ಎಂದೊಡನೆ ಚರಿತ್ರೆಯನ್ನು ಓದಿದವರಿಗೆ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯೂ ಪೋರ್ಚುಗೀಸರ ಮೆಣಸಿನ ವ್ಯಾಪಾರವೂ ನೆನಪಿಗೆ ಬರುವುವು. ಆದರೆ ಆ ಸೀಮೆಯ ಒಕ್ಕಲಿಗನನ್ನೂ ಮೀನುಗಾರನನ್ನೂ ದಿನದಿನವೂ ಕಾಡಿದ ಚರಿತ್ರೆ ಬೇರೊಂದುಂಟು. ಯಾವ ಗುಡ್ಡದಿಂದ ಗದ್ದೆಗೆ ಸೊಪ್ಪು ತರಬಹುದು, ಯಾವ ಮರವನ್ನು ಮುಟ್ಟಬಾರದು, ಉಬ್ಬರದ ಗೆರೆಯಿಂದ ಎಷ್ಟು ದೂರದಲ್ಲಿ ಮನೆ ಕಟ್ಟಬಹುದು ಎಂಬ ಸರ್ಕಾರೀ ಕಟ್ಟಳೆಗಳ ಚರಿತ್ರೆ ಅದು. ಈ ಕಟ್ಟಳೆಗಳು ಹೇಗೆ ಹುಟ್ಟುವುವು, ಅವುಗಳ ಹುಟ್ಟನ್ನು ಅರಸುವವನು ಎಲ್ಲಿ ಹುಡುಕಬೇಕು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಮಾಡುವೆವು.

ಹುಡುಕುವ ಕೆಲಸ ಸುಲಭವಾದುದಲ್ಲ. 1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಕೆನರಾ ಸೀಮೆ ಕಂಪನಿಯ ವಶವಾಯಿತು. ಥಾಮಸ್ ಮನ್ರೋ ಅದರ ಮೊದಲನೆಯ ಕಲೆಕ್ಟರನಾದನು. ಆಗ ಅದು ಮದರಾಸು ಆಧಿಪತ್ಯಕ್ಕೆ ಸೇರಿದ್ದಿತು. 1862ರಲ್ಲಿ ಉತ್ತರ ಭಾಗವು ಮುಂಬಯಿಗೆ ಹೋಯಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. ಆದುದರಿಂದ ಹೊನ್ನಾವರದ ಒಂದು ಗುಡ್ಡದ ವಿಷಯವನ್ನು ತಿಳಿಯಬೇಕೆನ್ನುವವನು ಚೆನ್ನೈ, ಮುಂಬಯಿ, ಬೆಂಗಳೂರು ಈ ಮೂರು ಪಟ್ಟಣಗಳ ಪತ್ರಾಗಾರಗಳ ಬಾಗಿಲನ್ನೂ ತಟ್ಟಬೇಕು. ಭಟ್ಕಳವನ್ನು ಹುಡುಕುವವನಿಗೆ ಇನ್ನೊಂದು ತೊಡಕು: ಹಳೆಯ ಕಾಗದಗಳಲ್ಲಿ ಅದು ಹೊನ್ನಾವರ ತಾಲ್ಲೂಕಿನ ಒಂದು ಪೇಟೆಯಾಗಿ ಅಡಗಿರುವುದು.

ಕಾಯಿದೆಯೇ ಬೇರೆ, ಅದರ ಕೆಳಗೆ ಮಾಡುವ ನಿಯಮಗಳೇ ಬೇರೆ ಎಂಬುದನ್ನು ಮೊದಲು ತಿಳಿಯಬೇಕು. ಕಾಯಿದೆಯನ್ನು ಶಾಸನಸಭೆ ಚರ್ಚಿಸಿ ಮಾಡುವುದು. ನಿಯಮವನ್ನು ಸರ್ಕಾರದ ಕಚೇರಿ ಮಾಡುವುದು. 1897ರ ಸಾಮಾನ್ಯ ಖಂಡಗಳ ಕಾಯಿದೆಯಲ್ಲಿ ಇದಕ್ಕೊಂದು ಕ್ರಮವನ್ನು ಹೇಳಿದೆ. ಮುಂಚಿತವಾಗಿ ಪ್ರಕಟಿಸಿಯೇ ನಿಯಮ ಮಾಡಬೇಕೆಂದು ಮೂಲ ಕಾಯಿದೆ ವಿಧಿಸಿದ್ದರೆ, ಸರ್ಕಾರವು ಕರಡನ್ನು ಹೊರಡಿಸಿ, ಒಂದು ದಿನವನ್ನು ಗೊತ್ತುಮಾಡಿ, ಅದರೊಳಗೆ ಬಂದ ತಕರಾರುಗಳನ್ನು ಪರ್ಯಾಲೋಚಿಸಬೇಕು. ಆದರೆ ನಿಯಮವು ಗೆಜೆಟ್ಟಿನಲ್ಲಿ ಒಮ್ಮೆ ಅಚ್ಚಾಯಿತೆಂದರೆ, ಅದು ಕ್ರಮವಾಗಿಯೇ ಆಗಿದೆಯೆಂಬುದಕ್ಕೆ ಆ ಅಚ್ಚೇ ನಿರ್ಣಾಯಕ ಸಾಕ್ಷಿ. ತಕರಾರು ಹೇಳಿದವರು ಯಾರು, ಹೇಳಲಾರದೆ ಹೋದವರು ಯಾರು ಎಂಬುದು ಗೆಜೆಟ್ಟಿನ ಹಾಳೆಯಲ್ಲಿ ಕಾಣದು. ಅದಕ್ಕಾಗಿ ಕಡತಗಳನ್ನು ಬಿಚ್ಚಬೇಕು.

ಕಾಡಿನ ವಿಷಯವನ್ನೇ ನೋಡೋಣ. ಘಟ್ಟದ ಇಳಿಜಾರಿನಲ್ಲಿ ಕಾಡು ಕಡಿದು, ಸುಟ್ಟು, ಬೂದಿಯಲ್ಲಿ ರಾಗಿ ಬಿತ್ತಿ, ಒಂದೆರಡು ಬೆಳೆಯಾದ ಮೇಲೆ ಬೇರೆ ಕಡೆಗೆ ಸಾಗುವ ಬೇಸಾಯಕ್ಕೆ ಕುಮರಿ ಎಂದು ಹೆಸರು. 1860ರಲ್ಲಿ ಮದರಾಸು ಸರ್ಕಾರವು, ಮುಂಗಡ ಅಪ್ಪಣೆಯಿಲ್ಲದೆ ಸರ್ಕಾರೀ ಕಾಡುಗಳಲ್ಲಿ ಕುಮರಿ ಕೂಡದೆಂದು ಆಜ್ಞೆ ಮಾಡಿತು. ಒಂದು ಆಜ್ಞೆಯಿಂದ ಎಷ್ಟೋ ಕುಟುಂಬಗಳ ಅನ್ನದ ದಾರಿ ಬದಲಾಯಿತು. ಕುಮರಿಯವರ ಮಾತನ್ನು ಕೇಳಬೇಕೆಂಬ ಕಟ್ಟುಪಾಡು ಆಗ ಇರಲಿಲ್ಲ.

1878ರ ಅರಣ್ಯ ಕಾಯಿದೆ ಇದಕ್ಕಿಂತ ಕಠಿಣವಾದುದು. ಆದರೂ ವಿಧಾನದ ಮಟ್ಟಿಗೆ ಹೆಚ್ಚು ಮರ್ಯಾದೆಯುಳ್ಳದ್ದೆಂದು ನಾವು ಎಣಿಸುವೆವು. ಒಂದು ಕಾಡನ್ನು ಕಾಯ್ದಿಡಬೇಕಾದರೆ ಸರ್ಕಾರವು ಮೊದಲು ತನ್ನ ಉದ್ದೇಶವನ್ನು ಪ್ರಕಟಿಸಬೇಕು. ಬಳಿಕ ಹಕ್ಕುಗಳನ್ನು ವಿಚಾರಿಸಲು ಒಬ್ಬ ಅಧಿಕಾರಿಯನ್ನು ನೇಮಿಸಬೇಕು. ಸಾಧಾರಣವಾಗಿ ಅವನು ಅರಣ್ಯ ಇಲಾಖೆಯವನಾಗಿರಕೂಡದು. ಅವನು ಸುತ್ತಲಿನ ಹಳ್ಳಿಹಳ್ಳಿಯಲ್ಲಿಯೂ ದೇಶಭಾಷೆಯಲ್ಲಿ ಸಾರಿಸಬೇಕು; ಹಕ್ಕು ಹೇಳಲು ಮೂರು ತಿಂಗಳಿಗೆ ಕಡಿಮೆಯಿಲ್ಲದ ಅವಧಿ ಕೊಡಬೇಕು; ಬರೆಯಲು ಬಾರದವನು ಖುದ್ದಾಗಿ ಬಂದು ಬಾಯಲ್ಲಿ ಹೇಳಿದರೂ ಬರೆದುಕೊಳ್ಳಬೇಕು. ಅವಧಿಯೊಳಗೆ ಹೇಳದ ಹಕ್ಕು, ತಕ್ಕ ಕಾರಣ ತೋರಿಸದಿದ್ದರೆ, ಅಳಿದುಹೋಗುವುದು. ಸುಗ್ಗಿಯ ಕೆಲಸದಲ್ಲಿದ್ದ ಒಕ್ಕಲಿಗನಿಗೆ ಮೂರು ತಿಂಗಳು ಎಷ್ಟು ಬೇಗ ಕಳೆಯುವುದೆಂಬುದನ್ನು ಶ್ರೋತೃಗಳು ಊಹಿಸಬಹುದು.

ಇಲ್ಲಿಯೇ ಒಂದು ಸೂಕ್ಷ್ಮವುಂಟು. ಕೆನರಾದ ಕಾಡುಗಳಲ್ಲಿ ರೈತರು ಅನುಭವಿಸುತ್ತಿದ್ದುದರಲ್ಲಿ ಬಹುಭಾಗವನ್ನು ಸರ್ಕಾರವು ‘ಹಕ್ಕು’ ಎಂದು ಒಪ್ಪಲಿಲ್ಲ; ‘ಸವಲತ್ತು’ ಎಂದಿತು. ಹಸಿರು ಸೊಪ್ಪು, ತರಗೆಲೆ, ಸೌದೆ, ನೇಗಿಲ ಮರ ಇವೆಲ್ಲ ಸವಲತ್ತುಗಳ ಪಟ್ಟಿಗೆ ಬಂದುವು. ಸೊಪ್ಪಿಲ್ಲದೆ ಕರಾವಳಿಯ ಗದ್ದೆ ಬೆಳೆಯದು. ಬೆಟ್ಟದ ಸೊಪ್ಪಿಲ್ಲದೆ ಅಡಕೆಯ ತೋಟ ಬಾಳದು. ಹೆಸರಿನಲ್ಲೇನಿದೆ ಎಂದು ಕೆಲವರು ಕೇಳಬಹುದು. ಹಕ್ಕನ್ನು ಕಳೆಯಬೇಕಾದರೆ ವಿಚಾರಣೆ, ತೀರ್ಪು, ಮೇಲ್ಮನವಿ ಇಷ್ಟೂ ನಡೆಯಬೇಕು. ಸವಲತ್ತನ್ನು ಕಳೆಯಲು ನಿಯಮದ ಒಂದು ಸಾಲನ್ನು ತಿದ್ದಿದರೆ ಸಾಕು. ಈ ಸೀಮೆಯ ಅರಣ್ಯದ ಕಡತಗಳನ್ನು ಓದುವ ವಿದ್ಯಾರ್ಥಿಗೆ ಈ ಎರಡು ಶಬ್ದಗಳ ಮೇಲೆಯೇ ಕಣ್ಣಿರಬೇಕೆಂದು ನಾವು ಹೇಳುವೆವು; ಗುಮಾಸ್ತನು ಯಾವ ಶಬ್ದವನ್ನು ಬರೆದನೆಂಬುದರ ಮೇಲೆ ಒಂದು ಹಳ್ಳಿಯ ಬೇಸಾಯವೇ ನಿಂತಿರುವುದುಂಟು.

ಅಸಮಾಧಾನ ಬೆಳೆಯಿತು. 1921ರಲ್ಲಿ ಕೆನರಾ ಕರಾವಳಿಯ ಅರಣ್ಯ ವ್ಯವಸ್ಥೆಯ ಮಾರ್ಪಾಟುಗಳನ್ನು ಕುರಿತು ಕಾಲಿನ್ಸ್ ಎಂಬ ಅಧಿಕಾರಿಯ ವರದಿ ಕಾರವಾರದಲ್ಲಿ ಅಚ್ಚಾಯಿತು. ಕಾಯ್ದಿಟ್ಟ ಕಾಡನ್ನು ಗ್ರಾಮಕ್ಕೇ ವಹಿಸಿಕೊಡಬಹುದೆಂಬ ಅಧ್ಯಾಯವು ಅರಣ್ಯ ಕಾಯಿದೆಯಲ್ಲಿ ಮೊದಲಿನಿಂದಲೂ ಇದ್ದಿತು, ಬಳಸಿದವರು ವಿರಳ. ಕುಮಟೆ ತಾಲ್ಲೂಕಿನ ಹಳಕಾರ, ಕಲ್ಲಬ್ಬೆ, ಚಿತ್ರಗಿಗಳಲ್ಲಿ ಆ ಬಳಿಕ ಗ್ರಾಮಾರಣ್ಯ ಪಂಚಾಯಿತಿಗಳು ಏರ್ಪಟ್ಟು, ಊರವರೇ ಕಾಡನ್ನು ಕಾಯತೊಡಗಿದರು. ರಾಜ್ಯಗಳ ಪುನರ್ವಿಂಗಡಣೆಯಾದ ತರುವಾಯ ಈ ಪಂಚಾಯಿತಿಗಳನ್ನು ವಿಸರ್ಜಿಸುವ ನೋಟೀಸು ಬಂದಿತು. ಹಳಕಾರ, ಕಲ್ಲಬ್ಬೆಗಳವರು ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆ ಪಡೆದರು. ಅವರ ಕಾಡು ಉಳಿಯಿತು. ಚಿತ್ರಗಿಯಲ್ಲಿ ಪಂಚಾಯಿತಿ ಹೋದ ಕೆಲವೇ ದಿನಗಳಲ್ಲಿ ಕಾಡೂ ಹೋಯಿತೆಂದು ಪರಿಸರವಿಜ್ಞಾನಿ ಮಾಧವ ಗಾಡ್ಗೀಳರು ಬರೆದಿರುವರು. ಕಡಿದವರು ಕಾದವರೇ.

ಕಾಡಿನಿಂದ ಕಡಲ ದಂಡೆಗೆ ಬರೋಣ. 1986ರ ಪರಿಸರ ಸಂರಕ್ಷಣಾ ಕಾಯಿದೆಯ ನಿಯಮಗಳಂತೆ ಕರಡಿಗೆ ತಕರಾರು ಹೇಳಲು 60 ದಿನಗಳ ಅವಕಾಶವಿದೆ. ಸಾರ್ವಜನಿಕ ಹಿತವೆಂದು ತೋರಿದಲ್ಲಿ ಅದನ್ನು ಬಿಟ್ಟುಬಿಡಲು ಸರ್ಕಾರಕ್ಕೆ ಅಧಿಕಾರವೂ ಇದೆ. ಕರಾವಳಿ ನಿಯಂತ್ರಣ ವಲಯದ ಕರಡು ಹೊರಟುದು 1990ರ ಡಿಸೆಂಬರ್ 15ರಂದು. ಉಬ್ಬರದ ಗೆರೆಯಿಂದ 500 ಮೀಟರುಗಳವರೆಗಿನ ನೆಲವನ್ನು ಕಟ್ಟಿಗೊಳಪಡಿಸುವ ಅಧಿಸೂಚನೆ ಬಂದುದು 1991ರ ಫೆಬ್ರವರಿ 19ರಂದು. ಎರಡು ತಿಂಗಳು ನಾಲ್ಕು ದಿನ! ಭಟ್ಕಳದ ದೋಣಿಯವನಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಕೆಲಸ ಮುಗಿದಿದ್ದಿತು. 2008ರ ಹೊಸ ಕರಡನ್ನಾದರೋ ದೇಶದ ಮೀನುಗಾರರು ಬಲವಾಗಿ ಎದುರಿಸಿದರು; ಅದು 2009ರಲ್ಲಿ ಬಿದ್ದುಹೋಯಿತು. ಬೇರೆ ಅಧಿಸೂಚನೆಗಳು 2011ರಲ್ಲಿಯೂ 2019ರಲ್ಲಿಯೂ ಹೊರಟುವು.

ಇನ್ನು ಭಾಷೆಯ ಮಾತು. ಪರಿಸರ ಪರಿಣಾಮದ ಅಂದಾಜನ್ನು ಕುರಿತ ಕೇಂದ್ರ ಸರ್ಕಾರದ ಹೊಸ ಕರಡು 2020ರ ಏಪ್ರಿಲ್ 11ರಂದು, ಸಾಂಕ್ರಾಮಿಕದ ದಿಗ್ಬಂಧನದ ನಡುವೆ, ಇಂಗ್ಲಿಷು ಹಿಂದಿಗಳಲ್ಲಿ ಮಾತ್ರ ಗೆಜೆಟ್ಟಿನಲ್ಲಿ ಬಂದಿತು. 1878ರ ಸಾರಣೆ ಒಂದೊಂದು ಕಾಡಿಗೆ ಸಂಬಂಧಿಸಿದ್ದು, ಇದು ದೇಶಕ್ಕೆಲ್ಲ ಸಂಬಂಧಿಸಿದ್ದು ಎಂಬ ವ್ಯತ್ಯಾಸವನ್ನು ಒಪ್ಪಬೇಕು. ಆದರೂ ಪರಕೀಯ ಸರ್ಕಾರದ ಕಾಯಿದೆ ಹೊನ್ನಾವರದ ಹಳ್ಳಿಯಲ್ಲಿ ಕನ್ನಡದಲ್ಲಿ ಸಾರಬೇಕೆಂದು ವಿಧಿಸಿದ್ದಿತೆಂಬುದನ್ನು ಮರೆಯುವಂತಿಲ್ಲ. ಜೂನ್ 30ರಂದು ದೆಹಲಿಯ ಉಚ್ಚ ನ್ಯಾಯಾಲಯವು, ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಿಗೆಲ್ಲ ಕರಡನ್ನು 10 ದಿನಗಳೊಳಗಾಗಿ ಅನುವಾದಿಸಬೇಕೆಂದೂ, ಅಭಿಪ್ರಾಯ ಹೇಳಲು ಆಗಸ್ಟ್ 11ರವರೆಗೆ ಅವಕಾಶವಿರಬೇಕೆಂದೂ ಆಜ್ಞಾಪಿಸಿತು. ಪ್ರಚಾರ ಸಾಲದೆಂಬ ಕಾರಣದಿಂದ ಕರ್ನಾಟಕದ ಉಚ್ಚ ನ್ಯಾಯಾಲಯವೂ ಆಗಸ್ಟ್ 5ರಂದು, ಅಂತಿಮ ಅಧಿಸೂಚನೆಯನ್ನು ಸದ್ಯಕ್ಕೆ ಹೊರಡಿಸಕೂಡದೆಂದು ತಡೆಯಿತು. ಕೇಂದ್ರ ಸರ್ಕಾರವು ದೆಹಲಿಯ ಆಜ್ಞೆಯ ಮೇಲೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿ ಅದರ ವಾದವಿಷ್ಟೆ: ಅಧಿಕೃತ ಭಾಷೆಗಳು ಹಿಂದಿಯೂ ಇಂಗ್ಲಿಷೂ ಆಗಿರುವಾಗ, ಉಳಿದ ಭಾಷೆಗಳಲ್ಲಿ ಪ್ರಕಟಿಸಬೇಕೆಂಬ ಹಂಗು ತನಗಿಲ್ಲ.