ಸುಬಾಬುಲ್ ಸೊಪ್ಪಿನ ವಿಷ: ಒಂದು ಸಣ್ಣ ಇತಿಹಾಸ

ನಮ್ಮ ಶಾಲೆಗೆ ಐವತ್ತು ತುಂಬಿದ ಈ ಸಂದರ್ಭದಲ್ಲಿ ಹಳೆಯ ವಿದ್ಯಾರ್ಥಿಗಳೂ ಏನಾದರೂ ಬರೆದುಕೊಡಬೇಕೆಂದು ಸಂಚಿಕೆಯ ಸಮಿತಿಯವರು ಕೇಳಿದರು. ಶಾಲೆಯ ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯುವ ಹಿರಿಯರು ಬಹಳ ಜನ ಇದ್ದಾರೆ. ಆದ್ದರಿಂದ ನಾನು ನಮಗೆಲ್ಲ ಗೊತ್ತಿರುವ ಒಂದು ಮರದ ಇತಿಹಾಸವನ್ನು ಆರಿಸಿಕೊಂಡಿದ್ದೇನೆ. ಶಾಲೆಯ ಹಿಂದಿನ ಬೇಲಿಯ ಉದ್ದಕ್ಕೂ ಇದ್ದ ಸುಬಾಬುಲ್ ಸಾಲನ್ನು ಯಾವ ತಂಡದವರೂ ಮರೆತಿರಲಾರರು. ನಾನು 2005ರಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸುವಾಗಲೂ ಸಂಜೆ ಹೊತ್ತು ಊರಿನವರು ಆ ಸಾಲಿನಿಂದ ಮೇಕೆಗಳಿಗೆ ಸೊಪ್ಪು ಕೊಯ್ದುಕೊಂಡು ಹೋಗುತ್ತಿದ್ದರು. "ಬರೀ ಅದನ್ನೇ ಹಾಕಬೇಡ, ಕೂದಲು ಉದುರುತ್ತೆ" ಎಂದು ಹಿರಿಯರು ಎಚ್ಚರಿಸುವುದನ್ನೂ ನಾವು ಕೇಳಿದ್ದೇವೆ.

ನಾನು ಓದಿದ್ದು ಬಿ.ಇ., ಮಾಡುತ್ತಿರುವುದು ಸಾಫ್ಟ್‌ವೇರ್ ಕೆಲಸ. ಸೂಕ್ಷ್ಮದರ್ಶಕದಲ್ಲಿ ತೆಗೆದ ಚಿತ್ರಗಳಲ್ಲಿರುವ ಜೀವಕೋಶಗಳನ್ನು ಕಂಪ್ಯೂಟರ್ ತಾನೇ ಎಣಿಸುವಂತೆ ಮಾಡುವುದು ನಮ್ಮ ತಂಡದ ಕೆಲಸ. ಪ್ರಯೋಗಾಲಯದಿಂದ ಬರುವ ಚಿತ್ರಗಳ ಜೊತೆ, ಆ ಕೋಶಗಳಿಗೆ ಏನೇನು ಹಾಕಲಾಗಿತ್ತು ಎಂಬ ಪಟ್ಟಿಯೂ ಇರುತ್ತದೆ. ಅಂಥ ಒಂದು ಪಟ್ಟಿಯಲ್ಲಿ 'ಮಿಮೋಸಿನ್' ಎಂಬ ಹೆಸರು ಕಂಡಿತು. ಏನೆಂದು ಹುಡುಕಿದರೆ ನಮ್ಮ ಸುಬಾಬುಲ್ ಸೊಪ್ಪಿನ ವಿಷವೇ ಅದು! ಮೇಕೆಯ ಮೈ ಕೂದಲು ಉದುರಿಸುವ ವಸ್ತುವಿಗೆ ಜೀವಕೋಶದ ಪ್ರಯೋಗಾಲಯದಲ್ಲಿ ಏನು ಕೆಲಸ? ಬಿಡುವಿದ್ದಾಗಲೆಲ್ಲ ಅದನ್ನು ಓದುತ್ತಾ ಹೋದೆ. ಕೊನೆಗೆ ತಿಳಿದದ್ದು ಇಷ್ಟು: ಯಾವ ಗುಣದಿಂದ ಅದು ವಿಷವೋ, ಅದೇ ಗುಣದಿಂದ ಅದು ಸಂಶೋಧಕರಿಗೆ ಉಪಕರಣ.

ಮರ ಬಂದ ದಾರಿ

ಸುಬಾಬುಲ್ ನಮ್ಮ ನೆಲದ್ದಲ್ಲ. ಅದರ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಅಲ್ಲಿಯ ಜನ ಅದರ ಎಳೆಯ ಕಾಯಿ, ಬೀಜಗಳನ್ನು ಊಟದಲ್ಲಿ ಬಳಸುತ್ತಾರೆ. ಮೆಕ್ಸಿಕೊದ ಒಹಾಕಾ ರಾಜ್ಯಕ್ಕೆ ಆ ಹೆಸರು ಬಂದದ್ದೇ ಈ ಮರದ ಸ್ಥಳೀಯ ಹೆಸರಿನಿಂದ. ಸ್ಪೇನ್ ದೇಶದವರ ಹಡಗುಗಳ ಮೂಲಕ ಅದು ಫಿಲಿಪೈನ್ಸ್‌ಗೆ ಹೋಗಿ, ಅಲ್ಲಿಂದ ಏಷ್ಯಾದಲ್ಲಿ ಹರಡಿತು. ಇಪ್ಪತ್ತನೆಯ ಶತಮಾನದಲ್ಲಿ ಹವಾಯಿ ವಿಶ್ವವಿದ್ಯಾಲಯದ ಜೇಮ್ಸ್ ಬ್ರೂಬೇಕರ್ ಅವರು ಕೆ-8 ಮುಂತಾದ ಎತ್ತರಕ್ಕೆ ಬೆಳೆಯುವ ತಳಿಗಳನ್ನು ಗುರುತಿಸಿ ಪ್ರಚಾರ ಮಾಡಿದರು. 1977ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಈ ಮರದ ಬಗ್ಗೆಯೇ ಒಂದು ಪುಸ್ತಕ ಹೊರತಂದಿತು. ಮೇವು, ಸೌದೆ, ಗೊಬ್ಬರ, ಕಾಗದ ಎಲ್ಲಕ್ಕೂ ಒಂದೇ ಮರ ಎಂಬ ಉತ್ಸಾಹದ ಕಾಲ ಅದು. ಭಾರತದಲ್ಲಿ ಮಣಿಭಾಯಿ ದೇಸಾಯಿ ಅವರ ಬೈಫ್ ಸಂಸ್ಥೆ ಪುಣೆ ಬಳಿಯ ಉರುಳಿಕಾಂಚನದಿಂದ ಅದನ್ನು ರೈತರಿಗೆ ಪರಿಚಯಿಸಿತು. ನಮ್ಮ ಕಡೆಯ ಬೇಲಿ, ಬದು, ಶಾಲೆಗಳ ಆವರಣಗಳಿಗೂ ಅದು ಬಂದು ಸೇರಿತು.

ಬೇಗ ಚಿಗುರುತ್ತದೆ, ಪ್ರೋಟೀನ್ ಹೆಚ್ಚು, ಬೇರು ಆಳಕ್ಕೆ ಇಳಿಯುವುದರಿಂದ ಬೇಸಿಗೆಯಲ್ಲೂ ಹಸಿರು. ಬಡವನ ಮೇಕೆಗೆ ಇದಕ್ಕಿಂತ ಬೇರೆ ಏನು ಬೇಕು? ತೊಂದರೆ ಇದ್ದದ್ದು ಒಂದೇ.

ಕುದುರೆಯ ಬಾಲದಿಂದ ರಸಾಯನಶಾಸ್ತ್ರಕ್ಕೆ

ಆ ತೊಂದರೆಯನ್ನು ಮೊದಲು ಕಂಡವರು ವಿಜ್ಞಾನಿಗಳಲ್ಲ, ಪ್ರಾಣಿ ಸಾಕಿದವರು. ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಈ ಸೊಪ್ಪು ತಿಂದ ಕುದುರೆಗಳ ಕುತ್ತಿಗೆಯ ಮತ್ತು ಬಾಲದ ಕೂದಲು ಉದುರುವುದನ್ನು ಅಲ್ಲಿಯವರು ಹತ್ತೊಂಬತ್ತನೆಯ ಶತಮಾನದಲ್ಲೇ ಬಲ್ಲವರಾಗಿದ್ದರು.

ಕಾರಣವಾದ ವಸ್ತು ಸಿಕ್ಕಿದ್ದು ಬೇರೆ ಗಿಡದಲ್ಲಿ. 1936ರಲ್ಲಿ ರೆಂಜ್ ಎಂಬ ರಸಾಯನಶಾಸ್ತ್ರಜ್ಞ ಮುಟ್ಟಿದರೆ ಮುನಿ ಗಿಡದಿಂದ ಒಂದು ಹೊಸ ಅಮೈನೋ ಆಮ್ಲವನ್ನು ಬೇರ್ಪಡಿಸಿದರು. ಆ ಗಿಡದ ವೈಜ್ಞಾನಿಕ ಹೆಸರು ಮಿಮೋಸಾ ಪುಡಿಕಾ. ಆದ್ದರಿಂದ ವಸ್ತುವಿಗೆ ಮಿಮೋಸಿನ್ ಎಂಬ ಹೆಸರಾಯಿತು. ಮರುವರ್ಷ ಸುಬಾಬುಲ್‌ನಲ್ಲೂ ಒಂದು ಹೊಸ ವಸ್ತು ಸಿಕ್ಕಿ, ಅದಕ್ಕೆ ಬೇರೆ ಹೆಸರು ಇಟ್ಟರು. 1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ರೋಜರ್ ಆಡಮ್ಸ್ ಮತ್ತು ಇತರರು ಅದರ ರಚನೆಯನ್ನು ಬಿಡಿಸುತ್ತಾ ಹೋದಂತೆ ಎರಡೂ ಒಂದೇ ಎಂಬುದು ಸ್ಪಷ್ಟವಾಯಿತು.

ವಿದ್ಯಾರ್ಥಿಗಳಿಗಾಗಿ ಒಂದು ಮಾತು. ನಮ್ಮ ದೇಹದ ಪ್ರೋಟೀನುಗಳೆಲ್ಲ ಸುಮಾರು ಇಪ್ಪತ್ತು ಬಗೆಯ ಅಮೈನೋ ಆಮ್ಲಗಳನ್ನು ಹೂವಿನಂತೆ ಪೋಣಿಸಿದ ಮಾಲೆಗಳು. ಗಿಡಗಳು ಇವಲ್ಲದೆ ಇನ್ನೂ ನೂರಾರು ಅಮೈನೋ ಆಮ್ಲಗಳನ್ನು ತಯಾರಿಸುತ್ತವೆ. ಅವುಗಳಲ್ಲಿ ಕೆಲವು ನಮ್ಮ ಇಪ್ಪತ್ತರಲ್ಲಿ ಒಂದನ್ನು ಹೋಲುತ್ತವೆ, ಆದರೆ ಅದರ ಕೆಲಸ ಮಾಡುವುದಿಲ್ಲ. ಮಿಮೋಸಿನ್ ಹೋಲುವುದು ಟೈರೋಸಿನ್ ಎಂಬ ಅಮೈನೋ ಆಮ್ಲವನ್ನು. ತಿನ್ನಲು ಬರುವ ಪ್ರಾಣಿಗಳ ವಿರುದ್ಧ ಗಿಡದ ಕಾವಲು ಇದು. ಎಳೆಯ ಚಿಗುರಿನಲ್ಲೂ ಬೀಜದಲ್ಲೂ ಅದು ಹೆಚ್ಚಾಗಿರುತ್ತದೆ. ಕಾವಲು ಬೇಕಾದದ್ದೂ ಅಲ್ಲಿಯೇ ಅಲ್ಲವೇ?

ಕುರಿಯ ಉಣ್ಣೆ

1960ರ ದಶಕದಲ್ಲಿ ಈ ವಿಷ ಸಂಶೋಧನೆಯ ವಸ್ತುವಾಯಿತು. 1962, 1963ರಲ್ಲಿ ಮಿಮೋಸಿನ್ ಮತ್ತು ಸುಬಾಬುಲ್ ಬೀಜಗಳನ್ನು ಬಳಸಿ, ಕೂದಲಿನ ಬೆಳವಣಿಗೆ ಹೇಗೆ ನಿಲ್ಲುತ್ತದೆ ಎಂಬುದನ್ನು ಪರೀಕ್ಷಿಸಿದ ವರದಿಗಳು ಬಂದವು. 1964ರಲ್ಲಿ ಆಸ್ಟ್ರೇಲಿಯಾದ ಹೆಗಾರ್ಟಿ ಮತ್ತು ಸಂಗಡಿಗರು ಕುರಿಗಳಿಗೆ ಸುಬಾಬುಲ್ ಮೇಯಿಸಿದಾಗ ಉಣ್ಣೆ ಕಳಚಿ ಬಂದದ್ದನ್ನು ವರದಿ ಮಾಡಿದರು. ಆ ದೇಶಕ್ಕೆ ಉಣ್ಣೆ ದೊಡ್ಡ ಆದಾಯ. ಕತ್ತರಿಸುವ ಕೂಲಿ ದುಬಾರಿ. ಹಾಗಾದರೆ ಕತ್ತರಿಯೇ ಇಲ್ಲದೆ ಉಣ್ಣೆ ತೆಗೆಯಬಹುದಲ್ಲ ಎಂಬ ಯೋಚನೆ ಬಂತು. 1975ರಲ್ಲಿ ರೀಸ್ ಮತ್ತು ಸಂಗಡಿಗರು ಇದೇ ಉದ್ದೇಶದಿಂದ ಕುರಿಗಳಿಗೆ ಮಿಮೋಸಿನ್ ಕೊಟ್ಟು ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಉಣ್ಣೆ ಬೆಳೆಯುವುದು ನಿಲ್ಲುತ್ತಿತ್ತು, ಇದ್ದದ್ದು ಕಳಚಿ ಬರುತ್ತಿತ್ತು, ಸ್ವಲ್ಪ ಕಾಲದ ನಂತರ ಹೊಸದು ಬೆಳೆಯುತ್ತಿತ್ತು. ಆದರೆ ವಿಷದ ಪ್ರಮಾಣ ಹೆಚ್ಚಾದರೆ ಕುರಿಗೇ ಅಪಾಯ. ಆ ಪದ್ಧತಿ ರೈತರ ದೊಡ್ಡಿಗೆ ಬರಲೇ ಇಲ್ಲ.

ಉಣ್ಣೆಯ ವಿಚಾರದಲ್ಲಿ ಸೋತರೂ ಆ ಕೆಲಸ ಒಂದು ಸುಳಿವು ಉಳಿಸಿತು. ಕೂದಲಿನ ಬುಡದಲ್ಲಿರುವ ಕೋಶಗಳು ದೇಹದಲ್ಲಿ ಅತಿ ವೇಗವಾಗಿ ಎರಡಾಗುವ ಕೋಶಗಳ ಪೈಕಿ. ಕ್ಯಾನ್ಸರ್ ಔಷಧಿ ತೆಗೆದುಕೊಂಡವರ ತಲೆಕೂದಲು ಉದುರುವುದೂ ಇದೇ ಕಾರಣದಿಂದ. ಮಿಮೋಸಿನ್ ಕೋಶಗಳು ಎರಡಾಗುವುದನ್ನು ನಿಲ್ಲಿಸುತ್ತಿತ್ತು. ತೆಗೆದರೆ ಅವು ಮತ್ತೆ ಶುರುಮಾಡುತ್ತಿದ್ದವು.

ಹವಾಯಿಯ ಮೇಕೆ

ಮುಂದಿನ ಕಥೆ ದನ, ಮೇಕೆ ಸಾಕುವ ನಮ್ಮೂರಿನವರಿಗೆ ಹೆಚ್ಚು ಹತ್ತಿರದ್ದು. ಮೆಲುಕು ಹಾಕುವ ಪ್ರಾಣಿಗಳ ದೊಡ್ಡ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಮಿಮೋಸಿನ್ ಅನ್ನು ಒಡೆದು ಡಿಎಚ್‌ಪಿ ಎಂಬ ವಸ್ತುವನ್ನಾಗಿ ಮಾಡುತ್ತವೆ. ಅಲ್ಲಿಗೆ ತೊಂದರೆ ಮುಗಿಯುವುದಿಲ್ಲ. ಥೈರಾಯ್ಡ್ ಗ್ರಂಥಿ ತನ್ನ ಕೆಲಸ ಮಾಡದಂತೆ ಡಿಎಚ್‌ಪಿ ತಡೆಯುತ್ತದೆ ಎಂದು 1976ರಲ್ಲಿ ಆಸ್ಟ್ರೇಲಿಯಾದವರು ತೋರಿಸಿದರು. ಸುಬಾಬುಲ್ ಮೇದ ದನಗಳಿಗೆ ಗಳಗಂಡ ಬರುತ್ತಿತ್ತು, ಮೈ ತುಂಬುತ್ತಿರಲಿಲ್ಲ.

ಆದರೆ ಹವಾಯಿಯಲ್ಲಿ ಮೇಕೆಗಳು ಇದೇ ಸೊಪ್ಪು ತಿಂದು ಗಟ್ಟಿಮುಟ್ಟಾಗಿದ್ದವು. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯ ರೇಮಂಡ್ ಜೋನ್ಸ್ ಇದನ್ನು ಗಮನಿಸಿ, ವ್ಯತ್ಯಾಸ ಇರುವುದು ಮರದಲ್ಲೂ ಅಲ್ಲ, ಮೇಕೆಯಲ್ಲೂ ಅಲ್ಲ, ಮೇಕೆಯ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳಲ್ಲಿ ಎಂದು ಊಹಿಸಿ 1981ರಲ್ಲಿ ಪ್ರಕಟಿಸಿದರು. ಆಮೇಲೆ ಹವಾಯಿ ಮೇಕೆಯ ಹೊಟ್ಟೆಯ ಸೂಕ್ಷ್ಮಜೀವಿಗಳನ್ನು ಆಸ್ಟ್ರೇಲಿಯಾದ ಜಾನುವಾರುಗಳಿಗೆ ಕೊಟ್ಟು ನೋಡಿದರು. ಡಿಎಚ್‌ಪಿ ಒಡೆಯತೊಡಗಿತು, ಜಾನುವಾರುಗಳು ಸುಧಾರಿಸಿದವು. ಈ ಯಶಸ್ಸಿನ ವರದಿ 1986ರಲ್ಲಿ ಬಂತು. ಇಂಡೋನೇಷ್ಯಾದ ಮೇಕೆಯಿಂದಲೂ ಇದೇ ಫಲ ಸಿಕ್ಕಿತ್ತು. ಆ ಕೆಲಸ ಮಾಡುವ ಬ್ಯಾಕ್ಟೀರಿಯಾವನ್ನು 1992ರಲ್ಲಿ ವಿವರಿಸಿದಾಗ ಜೋನ್ಸ್ ಅವರ ಗೌರವಾರ್ಥ 'ಸಿನರ್ಜಿಸ್ಟಿಸ್ ಜೋನ್ಸಿಯೈ' ಎಂದು ಹೆಸರಿಟ್ಟರು. ಹೊಟ್ಟೆಯ ಸೂಕ್ಷ್ಮಜೀವಿಗಳ ಬಗ್ಗೆ ಇಂದು ಪತ್ರಿಕೆಗಳಲ್ಲಿ ದಿನಾ ಓದುತ್ತೇವೆ. ಒಂದು ಪ್ರಾಣಿಯ ಸೂಕ್ಷ್ಮಜೀವಿಗಳು ಇನ್ನೊಂದನ್ನು ವಿಷದಿಂದ ಕಾಪಾಡಬಲ್ಲವು ಎಂದು ಸೊಪ್ಪು ತಿನ್ನುವ ಮೇಕೆ ನಾಲ್ಕು ದಶಕಗಳ ಹಿಂದೆಯೇ ತೋರಿಸಿತ್ತು.

ಎಲ್ಲ ಕೋಶಗಳಿಗೂ ಒಂದೇ ಗಂಟೆ

ಈಗ ನನ್ನ ಪಟ್ಟಿಯಲ್ಲಿದ್ದ ಮಿಮೋಸಿನ್‌ಗೆ ಬರೋಣ. ಒಂದು ಕೋಶ ಎರಡಾಗುವ ಮೊದಲು ತನ್ನ ಡಿಎನ್‌ಎಯನ್ನು ಪೂರ್ತಿಯಾಗಿ ನಕಲು ಮಾಡಿಕೊಳ್ಳಬೇಕು. ಆ ನಕಲು ಹೇಗೆ ಶುರುವಾಗುತ್ತದೆ ಎಂಬುದು ಕ್ಯಾನ್ಸರ್ ಸಂಶೋಧನೆಯ ಮೂಲ ಪ್ರಶ್ನೆಗಳಲ್ಲಿ ಒಂದು, ಏಕೆಂದರೆ ಕ್ಯಾನ್ಸರ್ ಎಂದರೆ ಹದ್ದು ಮೀರಿ ಎರಡಾಗುವ ಕೋಶಗಳು. ಆದರೆ ಪ್ರಯೋಗಾಲಯದ ತಟ್ಟೆಯಲ್ಲಿರುವ ಲಕ್ಷಾಂತರ ಕೋಶಗಳು ಒಂದೊಂದೂ ಒಂದೊಂದು ಹಂತದಲ್ಲಿರುತ್ತವೆ. ಬಿಡುವಿನ ವೇಳೆಯ ಶಾಲಾ ಮೈದಾನದಂತೆ. ಕೆಲವರು ಓಡುತ್ತಾರೆ, ಕೆಲವರು ನೀರು ಕುಡಿಯುತ್ತಾರೆ, ಕೆಲವರು ಜಗಳಾಡುತ್ತಾರೆ. ಅವರೆಲ್ಲ ತರಗತಿಗೆ ಹೇಗೆ ಹೋಗುತ್ತಾರೆ ಎಂದು ನೋಡಬೇಕಾದರೆ ಮೊದಲು ಗಂಟೆ ಹೊಡೆದು ಎಲ್ಲರನ್ನೂ ಬಾಗಿಲ ಮುಂದೆ ಸಾಲಾಗಿ ನಿಲ್ಲಿಸಬೇಕು.

ಮಿಮೋಸಿನ್ ಅಂಥ ಗಂಟೆಯಾಗಬಲ್ಲದು ಎಂದು 1990ರಲ್ಲಿ ಮಾರ್ಕ್ ಲಲಾಂಡ್ ಮತ್ತು ಹನೌಸ್ಕೆ-ಏಬಲ್ ವರದಿ ಮಾಡಿದರು. ಕೋಶಗಳಿರುವ ದ್ರವಕ್ಕೆ ಮಿಮೋಸಿನ್ ಹಾಕಿದರೆ ಅವು ಒಂದೊಂದಾಗಿ ಬಂದು ನಕಲು ಆರಂಭವಾಗುವ ಹೊಸ್ತಿಲ ಹತ್ತಿರ ನಿಲ್ಲುತ್ತವೆ. ಅದನ್ನು ತೊಳೆದು ತೆಗೆದರೆ ಒಟ್ಟಿಗೆ ಹೊಸ್ತಿಲು ದಾಟುತ್ತವೆ. ನಮ್ಮ ವೃತ್ತಿಯಲ್ಲಿ, ಓಡುತ್ತಿರುವ ಪ್ರೋಗ್ರಾಮನ್ನು ಬೇಕಾದ ಸಾಲಿನಲ್ಲಿ ನಿಲ್ಲಿಸಿ, ಒಳಗೆ ಏನಾಗುತ್ತಿದೆ ಎಂದು ನೋಡಿ, ಮತ್ತೆ ಓಡಲು ಬಿಡುತ್ತೇವೆ. ಇದೂ ಬಹುಮಟ್ಟಿಗೆ ಅದೇ ಕೆಲಸ. 1992ರಲ್ಲಿ ಡೈಕ್‌ವೆಲ್ ಮತ್ತು ಹ್ಯಾಮ್ಲಿನ್ ಈ ವಿಧಾನದಿಂದಲೇ ಕೋಶಗಳನ್ನು ಸಾಲಾಗಿ ನಿಲ್ಲಿಸಿ, ಡಿಎನ್‌ಎಯ ಒಂದು ನಿರ್ದಿಷ್ಟ ಭಾಗದಲ್ಲಿ ನಕಲು ಯಾವಾಗ ಆರಂಭವಾಗುತ್ತದೆ ಎಂದು ಗುರುತಿಸಿದರು.

ಇಲ್ಲಿ ಒಂದು ವಾಗ್ವಾದವೂ ನಡೆಯಿತು. ಕೋಶ ನಿಲ್ಲುವುದು ಹೊಸ್ತಿಲಿನ ಹೊರಗೋ, ಒಂದು ಹೆಜ್ಜೆ ಒಳಗೋ? ಮಿಮೋಸಿನ್ ಆಗಲೇ ಶುರುವಾದ ನಕಲನ್ನು ಅರ್ಧದಲ್ಲಿ ತಡೆಯುತ್ತದೆ ಎಂದು 1995ರಲ್ಲಿ ಗಿಲ್ಬರ್ಟ್ ಮತ್ತು ಸಂಗಡಿಗರು ತೋರಿಸಿದರು. ನಕಲಿಗೆ ಬೇಕಾದ ಕಚ್ಚಾ ವಸ್ತುವಿನ ತಯಾರಿಕೆಯನ್ನೇ ಅದು ಕಡಿಮೆ ಮಾಡುತ್ತಿತ್ತು. ಮಾನವ ಕೋಶಗಳು ನಕಲು ಶುರುವಾಗುವ ಮೊದಲೇ ನಿಲ್ಲುತ್ತವೆ, ಆದರೆ ಅದು ಮಿಮೋಸಿನ್‌ನ ಪ್ರಮಾಣವನ್ನು ಅವಲಂಬಿಸುತ್ತದೆ ಎಂದು 1999ರಲ್ಲಿ ಟಾರ್ಸ್ಟನ್ ಕ್ರೂಡ ಬರೆದರು. ನೋಡುವುದಕ್ಕೆ ಇದು ಪಂಡಿತರ ಸಣ್ಣ ಜಗಳ. ಆದರೆ ಅಳೆಯುವ ಕೋಲೇ ಎಷ್ಟು ಉದ್ದ ಎಂದು ಗೊತ್ತಿಲ್ಲದೆ ಬಟ್ಟೆ ಅಳೆದರೆ ಲೆಕ್ಕ ಸರಿಹೋದೀತೇ? ಮಿಮೋಸಿನ್ ಬಳಸಿ ಪಡೆದ ಫಲಿತಾಂಶಗಳ ಅರ್ಥವೆಲ್ಲ ಈ ಉತ್ತರದ ಮೇಲೆ ನಿಂತಿತ್ತು.

ಕಬ್ಬಿಣದ ಹಿಡಿತ

ಮಿಮೋಸಿನ್ ಇಷ್ಟೆಲ್ಲ ಮಾಡುವುದು ಹೇಗೆ? ಟೈರೋಸಿನ್‌ನಂತೆ ಕಾಣುವುದರಿಂದ ಅದರ ಕೆಲಸಕ್ಕೆ ಅಡ್ಡಿ ಮಾಡುತ್ತದೆ ಎಂಬುದು ಹಳೆಯ ಊಹೆ. ಅದಕ್ಕಿಂತ ಮುಖ್ಯವಾದ ಕಾರಣ ಆಮೇಲೆ ತಿಳಿಯಿತು. ಮಿಮೋಸಿನ್ ಕಬ್ಬಿಣವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಡಿಎನ್‌ಎಯ ಕಚ್ಚಾ ವಸ್ತು ತಯಾರಿಸುವ ಕಿಣ್ವಕ್ಕೆ ಕಬ್ಬಿಣ ಬೇಕೇ ಬೇಕು. ಕಬ್ಬಿಣ ಸಿಗದಿದ್ದರೆ ಕಿಣ್ವ ನಿಲ್ಲುತ್ತದೆ, ನಕಲು ನಿಲ್ಲುತ್ತದೆ, ಕೂದಲಿನ ಬೆಳವಣಿಗೆಯೂ ನಿಲ್ಲುತ್ತದೆ.

ಕಬ್ಬಿಣವನ್ನು ಹಿಡಿಯುವುದು ಮಿಮೋಸಿನ್‌ನಲ್ಲಿರುವ ಒಂದು ಉಂಗುರದಂಥ ರಚನೆ. ಅದೇ ಜಾತಿಯ ಉಂಗುರವಿರುವ ಡೆಫೆರಿಪ್ರೋನ್ ಎಂಬ ಔಷಧಿಯನ್ನು ರಸಾಯನಶಾಸ್ತ್ರಜ್ಞರು 1980ರ ದಶಕದಲ್ಲಿ ರೂಪಿಸಿದರು. ಥಲಸ್ಸೀಮಿಯಾ ಇರುವ ಮಕ್ಕಳಿಗೆ ಪದೇ ಪದೇ ರಕ್ತ ಕೊಡಬೇಕಾಗುತ್ತದೆ. ಆ ರಕ್ತದ ಜೊತೆ ಬಂದ ಕಬ್ಬಿಣ ಹೃದಯ, ಯಕೃತ್ತುಗಳಲ್ಲಿ ತುಂಬಿ ಪ್ರಾಣಕ್ಕೆ ಅಪಾಯ ತರುತ್ತದೆ. ಅದನ್ನು ಹೊರಹಾಕಲು ಬಾಯಿಂದ ನುಂಗುವ ಮಾತ್ರೆಯಾಗಿ ಈ ಔಷಧಿ 1990ರ ದಶಕದಲ್ಲಿ ಭಾರತದ ಮಕ್ಕಳಿಗೂ ಸಿಕ್ಕಿತು. ಅದನ್ನು ತಯಾರಿಸುವುದು ಸುಬಾಬುಲ್‌ನಿಂದಲ್ಲ. ಆದರೆ ಮರದ ವಿಷವೂ ಮಕ್ಕಳ ಮಾತ್ರೆಯೂ ಕಬ್ಬಿಣವನ್ನು ಹಿಡಿಯುವ ರೀತಿ ಒಂದೇ.

ಊರಿನವರಿಗೂ ವಿದ್ಯಾರ್ಥಿಗಳಿಗೂ

ಇಷ್ಟು ಓದಿದ ಮೇಲೆ ನನಗೆ ಹೆಚ್ಚಾಗಿ ಅನಿಸಿದ್ದು ನಮ್ಮ ಹಿರಿಯರ ಮಾತಿನ ಬೆಲೆ. "ಬರೀ ಅದನ್ನೇ ಹಾಕಬೇಡ" ಎಂಬುದು ಇಂದಿಗೂ ಸರಿಯಾದ ಸಲಹೆ. ದನ, ಕುರಿ, ಮೇಕೆಗಳ ಮೇವಿನಲ್ಲಿ ಸುಬಾಬುಲ್ ಮೂರನೇ ಒಂದು ಪಾಲು ಮೀರದಂತೆ ನೋಡಿಕೊಂಡು, ಉಳಿದದ್ದು ಹುಲ್ಲು, ಜೋಳದ ದಂಟು, ಬೇರೆ ಸೊಪ್ಪು ಇದ್ದರೆ ಅದು ಒಳ್ಳೆಯ ಮೇವು. ಮೆಲುಕು ಹಾಕದ ಕೋಳಿ, ಮೊಲ, ಹಂದಿಗಳಿಗೆ ಇನ್ನೂ ಬಹಳ ಕಡಿಮೆ ಸಾಕು. ಕೂದಲು ಉದುರುವುದು, ಕತ್ತು ಊದುವುದು ಕಂಡರೆ ಸೊಪ್ಪು ನಿಲ್ಲಿಸಿ ಪಶುವೈದ್ಯರಿಗೆ ತೋರಿಸಿ.

ಈಗ ಓದುತ್ತಿರುವ ತಮ್ಮ ತಂಗಿಯರಿಗೆ ಒಂದು ವಿನಂತಿ. ಮನೆಯಲ್ಲಿ ಅಜ್ಜ ಅಜ್ಜಿ ದನಕರುಗಳ ಬಗ್ಗೆ, ಗಿಡಮರಗಳ ಬಗ್ಗೆ ಹೇಳುವ ಇಂಥ ಎಚ್ಚರಿಕೆಯ ಮಾತುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎಲ್ಲವೂ ನಿಜವಾಗಿರಬೇಕಿಲ್ಲ. ಯಾವುದು ನಿಜ, ಯಾಕೆ ನಿಜ ಎಂದು ವಿಜ್ಞಾನದ ಮೇಷ್ಟ್ರ ಹತ್ತಿರ ಕೇಳಿ. ಹವಾಯಿಯ ಮೇಕೆ ಯಾಕೆ ಸಾಯುವುದಿಲ್ಲ ಎಂದು ಒಬ್ಬರು ಕೇಳಿದ್ದರಿಂದಲೇ ಸಾವಿರಾರು ಜಾನುವಾರುಗಳು ಉಳಿದವು.